ಹಿತ್ತಲದಿಂದ ಪಡಸಾಲೆಗೆ ಬಂದ ಇಂಗ್ಲಿಷು

ಸವಣೂರಿನ ನಮ್ಮ ಮನೆಯಲ್ಲಿ ಇಂಗ್ಲಿಷಿಗೆ ಮೊಟ್ಟಮೊದಲು ಸಿಕ್ಕ ಜಾಗವೆಂದರೆ ಬಚ್ಚಲಿಗೂ ದನದ ಕೊಟ್ಟಿಗೆಗೂ ನಡುವೆ ಇದ್ದ ಹಿತ್ತಲ ಜಗಲಿ. ಅದಕ್ಕಿಂತ ಮುಂದೆ ಅದು ಬರುವಂತಿರಲಿಲ್ಲ. ಮನೆಯ ಮುಂಭಾಗವೆಲ್ಲ ಅಜ್ಜನದು. ಓಣಿಗೆ ಹತ್ತಿದ ಕಟ್ಟೆ, ಕಟ್ಟೆಯ ಒಳಗೆ ಕಂಬದ ಪಡಸಾಲೆ, ಅಲ್ಲಿ ಬೆಳಗಿನ ವೇದಪಾಠ. ಆಮೇಲೆ ನಡುಮನೆ, ಅದರ ಒಂದು ಬದಿಗೆ ದೇವರಮನೆ, ಇನ್ನೊಂದು ಬದಿಗೆ ಅಡಿಗೆಮನೆ. ಅಡಿಗೆಮನೆಯ ಹಿಂಬಾಗಿಲು ದಾಟಿದರೆ ಹಿತ್ತಲ. ಅಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಹುಣಸೆಮರ, ಎಮ್ಮೆ, ಎಮ್ಮೆಯ ಕರು, ಮತ್ತು ನಮ್ಮಪ್ಪನ ಇಂಗ್ಲಿಷು. ಮ್ಲೇಚ್ಛರ ಮಾತು ದೇವರಮನೆಗೆ ಕೇಳಿಸಬಾರದು ಎಂದು ಅಜ್ಜ ಒಮ್ಮೆ ಹೇಳಿದ್ದರು. ನಮ್ಮ ಮನೆಯಲ್ಲಿ ಅಜ್ಜ ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ. ಅಪ್ಪ ಊರ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರ. ಮನೆಗೆ ಅಕ್ಕಿ ಬೇಳೆ ತರುತ್ತಿದ್ದುದು ಆ ಮ್ಲೇಚ್ಛರ ಮಾತೇ. ಅಕ್ಕಿ ಮುಂಬಾಗಿಲಿನಿಂದ ಬರುತ್ತಿತ್ತು, ಮಾತು ಹಿಂಬಾಗಿಲಿನಲ್ಲಿ ಇರಬೇಕಾಗಿತ್ತು. ಇದರಲ್ಲಿ ಚೋದ್ಯವೇನೂ ಯಾರಿಗೂ ಕಾಣುತ್ತಿರಲಿಲ್ಲ.

ಸಂಜೆ ಶಾಲೆ ಬಿಟ್ಟು ಬಂದ ಮೇಲೆ ಅಪ್ಪ ಕೈಕಾಲು ತೊಳೆದು, ಒಂದಿಷ್ಟು ಹಚ್ಚಿದ ಅವಲಕ್ಕಿ ತಿಂದು, ಹಿತ್ತಲ ಜಗಲಿಯ ಮೇಲೆ ಮಣೆ ಹಾಕಿಕೊಂಡು ಅಣ್ಣನನ್ನು ಕರೆಯುತ್ತಿದ್ದ. ಪಾಠ ಅಣ್ಣನಿಗೆ. ಅಣ್ಣ ಪ್ರಲ್ಹಾದ ಮನೆಗೆ ಒಬ್ಬನೇ ಗಂಡುಹುಡುಗ. ಬೆಳಗ್ಗೆ ಅಜ್ಜನ ಮುಂದೆ ವೇದ, ಸಂಜೆ ಅಪ್ಪನ ಮುಂದೆ ಇಂಗ್ಲಿಷು, ಪಾಪ ಅವನಿಗೆ ಎರಡೂ ಬೇಡವಾಗಿದ್ದವು. ಅಕ್ಕ ಸುಭದ್ರಾ ಅವನಿಗಿಂತ ಸ್ವಲ್ಪ ಚಿಕ್ಕವಳು, ನನಗಿಂತ ಬಹಳ ದೊಡ್ಡವಳು. ನಾವಿಬ್ಬರೂ ಅಲ್ಲಿ ಇರುತ್ತಿದ್ದುದು ಪಾಠಕ್ಕಲ್ಲ, ಕೆಲಸಕ್ಕೆ. ಅಕ್ಕ ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು, ನಾನು ಅವಳು ಹೊಸೆದದ್ದನ್ನು ತಾಟಿನಲ್ಲಿ ಸಾಲಾಗಿ ಹೊಂದಿಸುತ್ತಿದ್ದೆ. ಅಪ್ಪ ಪ್ರಶ್ನೆ ಕೇಳುವನು, ಅಣ್ಣ ಕರುವಿನ ಕಡೆ ನೋಡುವನು, ಉತ್ತರ ಬತ್ತಿಯ ತಾಟಿನ ಕಡೆಯಿಂದ ಬರುವುದು. ಮೊದಮೊದಲು ಅಪ್ಪ ನಕ್ಕು ಬಿಟ್ಟ. ಆಮೇಲೆ ಅಣ್ಣನಿಗೆ ಕೇಳಿದ್ದನ್ನೇ ಅಕ್ಕನಿಗೂ ಕೇಳತೊಡಗಿದ. ಇನ್ನೂ ಆಮೇಲೆ ಅಕ್ಕನಿಗೇ ಕೇಳತೊಡಗಿದ. ಅವಳು ಇಂಗ್ಲಿಷು ಕಲಿಯಲಿ ಎಂದು ಮನೆಯಲ್ಲಿ ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ಹಿತ್ತಲದಲ್ಲಿ ಏನು ಬೆಳೆಯುತ್ತಿದೆ ಎಂದು ಮುಂದಿನವರು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ಅದೇ ಅವಳ ಪುಣ್ಯವಾಗಿತ್ತು.

ಒಂದು ಸಂಜೆ ಅಕ್ಕ ಒಂದಿಡೀ ಪುಟವನ್ನು ಎಲ್ಲೂ ತಡವರಿಸದೆ ಓದಿದಳು. ಅಪ್ಪ ಪುಸ್ತಕ ಮುಚ್ಚಿ, ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ.

"ಧಾರವಾಡದಾಗ ಹೆಣ್ಣುಮಕ್ಕಳ ಇಂಗ್ಲಿಷ್ ಶಾಲಿ ಅದ. ಬಾಯಿಲೆ ಓದಿಸಿ ನೋಡಿ ತೊಗೋತಾರ. ನಿಮ್ಮವ್ವನ ತಂಗಿ, ಮಾವಶಿ ಮನ್ಯಾಗ ಇದ್ದು ಓದಬಹುದು. ಮುಂದಿನ ಜೂನಿಗೆ ಕರಕೊಂಡು ಹೋಗ್ತೇನಿ."

"ಅಜ್ಜಗ ಏನು ಹೇಳ್ತಿ?" ಎಂದು ಅಕ್ಕ ಕೇಳಿದಳು.

"ಅಜ್ಜ ಹಿತ್ತಲಕ್ಕ ಬರೂದಿಲ್ಲ," ಅಂದ ಅಪ್ಪ.

ಅದು ನಿಜವೇ. ಅಜ್ಜ ಸ್ನಾನಕ್ಕೆ ಕೂಡ ಮಠದ ಬಾವಿಗೆ ಹೋಗುವವರು. ಅಕ್ಕ ಆ ದಿನದಿಂದ ಒಂದು ಪರಕಾರವನ್ನು, ಉದ್ದ ಲಂಗವನ್ನು, ಉಡದೆ ಟ್ರಂಕಿನಲ್ಲಿ ಮಡಿಸಿ ಇಟ್ಟಳು. ಧಾರವಾಡಕ್ಕೆ ಅಂತ ನನಗೊಬ್ಬಳಿಗೇ ಹೇಳಿದಳು. ಮನೆಯಲ್ಲಿ ಇರುವುದೆಲ್ಲ ಎಲ್ಲರದೂ ಆಗಿದ್ದ ಕಾಲದಲ್ಲಿ ಅವಳದೇ ಅಂತ ಇದ್ದದ್ದು ಆ ಪರಕಾರ, ಆ ಜೂನು.

ಅಪ್ಪನಿಗೆ ತನ್ನದೇ ಒಂದು ಸಂಕಟವಿತ್ತು. ಅವನು ಇಂಗ್ಲಿಷನ್ನು ಕಣ್ಣಿನಿಂದ ಕಲಿತವನು. ಅದನ್ನು ಆಡುವವರ ಬಾಯಿಂದ ಕೇಳಿದ್ದು ಬಹಳ ಕಡಿಮೆ. ಒಂದು ಸಲ ಶಾಲೆ ತಪಾಸಣೆಗೆ ಬಂದ ಸಾಹೇಬರು ಅವನ ಓದು ಕೇಳಿ, ನೀವು ಎಲ್ಲ ಅಕ್ಷರಕ್ಕೂ ಒಂದೇ ತೂಕ ಹಾಕುತ್ತೀರಿ, ಇದು ಇಂಗ್ಲಿಷಲ್ಲ ಅಂದರಂತೆ, ಅದೂ ಹುಡುಗರ ಎದುರಿಗೆ. ಆ ಸಂಜೆ ಅಪ್ಪ ಅವಲಕ್ಕಿ ಮುಟ್ಟಲಿಲ್ಲ. ಮುಂದೆ ಹುಬ್ಬಳ್ಳಿಗೆ ಹೋದಾಗ ರದ್ದಿ ಅಂಗಡಿಯಿಂದ ರಟ್ಟು ಕಿತ್ತುಹೋದ ಒಂದು ನಿಘಂಟು ತಂದ. ಅದರಲ್ಲಿ ಪ್ರತಿ ಶಬ್ದವನ್ನು ಒಡೆದು ತುಂಡು ತುಂಡಾಗಿ ಬರೆದಿತ್ತು, ಒತ್ತಿ ಹೇಳಬೇಕಾದ ತುಂಡಿಗೆ ಒಂದು ಸಣ್ಣ ಗೆರೆ. ಅಪ್ಪನೂ ಅಕ್ಕನೂ ಆ ಗೆರೆಗಳ ಬೆನ್ನು ಹತ್ತಿದರು. ಎರಡು ಶಬ್ದ ಕೂಡಿ ಒಂದಾದ ಕಡೆ ಗೆರೆ ಬಹಳ ಮಟ್ಟಿಗೆ ಮೊದಲಿನದಕ್ಕೇ ಬೀಳುತ್ತದೆ ಎಂದು ಕಂಡುಕೊಂಡವಳು ಅಕ್ಕ. ಟೀಪಾಟ್, ರೇನ್‌ಕೋಟ್, ಬ್ಲ್ಯಾಕ್‌ಬೋರ್ಡ್. ಬ್ಲ್ಯಾಕ್, ಬೋರ್ಡ್ ಎಂದು ಎರಡಕ್ಕೂ ಒತ್ತು ಕೊಟ್ಟರೆ ಅದು ಬರೀ ಕಪ್ಪು ಹಲಗೆ. ಮೊದಲಿನದಕ್ಕೇ ಒತ್ತು ಕೊಟ್ಟರೆ ಶಾಲೆಯ ಗೋಡೆಯ ಮೇಲಿನ ಫಳಿ ಎಂದು ಅಪ್ಪ ವಿವರಿಸಿದ. ಅಣ್ಣ ಆಕಳಿಸಿದ. ಅಕ್ಕ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಹಿತ್ತಲದ ಮರ ತೋರಿಸಿದಳು.

"ನಮ್ಮ ಹಿತ್ತಲದಾಗ ಇರೂದು ದೊಡ್ಡ ಹುಣಸಿ. ಮಠದಾಗ ಇರೂದು ದೊಡ್ಡಹುಣಸಿ. ಅದು ಹುಣಸೀನ ಅಲ್ಲ. ಎರಡನ್ನೂ ಒಂದ ರೀತಿ ಅಂತೇವೇನು?"

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡಹುಣಸೆ ಎಂದು ಹೆಸರಾದ ಮಠದ ಆ ಪರದೇಶದ ಮರಗಳನ್ನು ಇಡೀ ಓಣಿಯ ಮಕ್ಕಳು ಕೈ ಕೈ ಹಿಡಿದು ನಿಂತರೂ ತಬ್ಬಲು ಆಗುವುದಿಲ್ಲ, ಅವಕ್ಕೂ ಸಾರಿಗೆ ಹಾಕುವ ಹುಣಸೆಗೂ ಸಂಬಂಧವಿಲ್ಲ. ಎರಡು ಮಾತು ಅಂಟಿಕೊಂಡರೆ ಮೂರನೆಯ ವಸ್ತು ಹುಟ್ಟುತ್ತದೆ, ಹುಟ್ಟಿದ್ದು ಬಾಯಿಗೆ ಗೊತ್ತಾಗುತ್ತದೆ. ಇಷ್ಟನ್ನು ಆ ಹುಡುಗಿ ಯಾರೂ ಹೇಳಿಕೊಡದೆ ಹೇಳಿದಳು. ಅಪ್ಪ ಅವಳನ್ನೇ ನೋಡುತ್ತ ಕೂತ. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಹೋಗಿ ಅವ್ವನಿಗೆ ಅದನ್ನೇ ಇನ್ನೊಮ್ಮೆ ಹೇಳಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಜೂನಿಗೆ ಖರೇನ ಕಳಸ್ತೀರೇನು?" ಎಂದಷ್ಟೇ ಕೇಳಿದಳು.

ಇಲ್ಲಿಗೆ ನಿಂತಿದ್ದರೆ ಎಲ್ಲ ನೆಟ್ಟಗಿತ್ತು. ಆದರೆ ನಮ್ಮಪ್ಪ ಶಾಸ್ತ್ರಿಗಳ ಮಗ. ವೇದ ಬಿಟ್ಟು ಹೊಟ್ಟೆಪಾಡಿನ ಭಾಷೆ ಹಿಡಿದವನು ಎಂದು ಅಜ್ಜ ಅವನನ್ನು ಬೈದದ್ದಿಲ್ಲ, ಆದರೆ ಅವನ ಕೆಲಸದ ಬಗ್ಗೆ ಒಂದು ದಿನ ಒಂದು ಮಾತು ಕೇಳಿದ್ದೂ ಇಲ್ಲ. ಊಟಕ್ಕೆ ಕೂತಾಗ ಅಜ್ಜ ಮಳೆಯ ಬಗ್ಗೆ ಕೇಳುವರು, ಏಕಾದಶಿ ಯಾವತ್ತು ಅಂತ ಕೇಳುವರು, ಶಾಲೆಯ ಬಗ್ಗೆ ಕೇಳರು. ಆ ಸಣ್ಣ ಗೆರೆಗಳನ್ನು ನೋಡಿದ ಮೇಲೆ ಅಪ್ಪನಿಗೆ ತಡೆಯಲಾಗಲಿಲ್ಲ. ಅಜ್ಜನ ವೇದದ ಪುಸ್ತಕದಲ್ಲೂ ಅಕ್ಷರಗಳ ಮೇಲೆ ಕೆಳಗೆ ಅಂಥವೇ ಗೆರೆಗಳು. ದನಿ ಎಲ್ಲಿ ಏರಬೇಕು, ಎಲ್ಲಿ ತಗ್ಗಬೇಕು ಎಂದು ಹೇಳುವ ಸ್ವರದ ಗೆರೆಗಳು. ಅಜ್ಜ ಪಾಠ ಹೇಳುವಾಗ ಹುಡುಗರ ತಲೆ ಹಿಡಿದು ಸ್ವರಕ್ಕೆ ತಕ್ಕಂತೆ ಬಗ್ಗಿಸಿ ಎತ್ತುತ್ತಿದ್ದರು, ಮುಂದೆ ಹುಡುಗರು ತಾವೇ ಕೈ ಎತ್ತಿ ಇಳಿಸಿ ಹೇಳುತ್ತಿದ್ದರು. ಒಂದು ರವಿವಾರ ಅಪ್ಪ ಸ್ನಾನ ಮಾಡಿ, ನಿಘಂಟು ತೆಗೆದುಕೊಂಡು ಪಡಸಾಲೆಗೆ ಹೋದ. ನಾವೆಲ್ಲ ನಡುಮನೆಯ ಬಾಗಿಲ ಸಂದಿಯಲ್ಲಿ.

"ಅಪ್ಪಾ, ಇದರಾಗೂ ಸ್ವರದ ಗೆರಿ ಅದಾವ್ರಿ," ಎಂದ ಅಜ್ಜನಿಗೆ.

"ಮ್ಲೇಚ್ಛರ ಮಾತಿಗೆ ಸ್ವರ?" ಅಜ್ಜ ನಕ್ಕರು.

"ಅದ ರೀ. ಎರಡು ಪದ ಸಮಾಸ ಆದ್ರ ಮೊದಲನೇದಕ್ಕ ಏರತದ. ಟೀಪಾಟ್ ಅಂತ ಒಂದು ಶಬ್ದ. ಚಹಾದ ಪಾತ್ರಿ."

"ಚಹಾದ ಅಲ್ಲೋ, ಚಹಾಕ್ಕಾಗಿ ಪಾತ್ರಿ. ಚತುರ್ಥೀ ತತ್ಪುರುಷ," ಎಂದರು ಅಜ್ಜ ತಟ್ಟನೆ. ನಮ್ಮ ಮನೆಯಲ್ಲಿ ಚಹಾ ನಿಷಿದ್ಧ. ಆದರೂ ಅದರ ಪಾತ್ರೆಗೆ ಸಮಾಸ ಹೇಳಲು ಅವರಿಗೆ ಅಡ್ಡಿಯಾಗಲಿಲ್ಲ. "ಇನ್ನೊಂದು ಹೇಳು."

ಅಪ್ಪ ಬ್ಲ್ಯಾಕ್‌ಬೋರ್ಡ್ ಹೇಳಿದ; ಅದು ಕರ್ಮಧಾರಯವಾಯಿತು. ಗ್ರ್ಯಾಂಡ್‌ಫಾದರ್ ಹೇಳಿದ. ಒಂದೇ ಬಾಯಲ್ಲಿ ಇಷ್ಟು ವ್ಯಂಜನ ಹೇಗೆ ಹಿಡಿಸಿದ್ದಾರೆ ಎಂದು ಅಜ್ಜ ಬೆರಗಾದರು. ಫಾದರ್ ಒಂದೇ ಇದ್ದಾಗ ಫಾ ಏರುತ್ತದೆ, ಗ್ರ್ಯಾಂಡ್ ಬಂದು ಮುಂದೆ ಕೂತರೆ ಅದು ತಗ್ಗುತ್ತದೆ ಎಂದು ಅಪ್ಪ ತೋರಿಸಿದಾಗ ಅವರಿಗೆ ಖುಷಿಯೋ ಖುಷಿ.

"ಅಜ್ಜ ಮುಂದ ಕೂತ್ರ ಅಪ್ಪನ ದನಿ ತಗ್ಗೂದು ಅವರಲ್ಲೂ ಅದ ಹಂಗಾರ!" ಎಂದು ಅಜ್ಜ ನಕ್ಕರು.

ಅಪ್ಪನೂ ನಕ್ಕ. ಅಜ್ಜ, ಅಪ್ಪ ಇಬ್ಬರೂ ಕೂಡಿ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಅಜ್ಜನಿಗೆ ಅದರ ಹುಚ್ಚೇ ಹಿಡಿಯಿತು. ಊಟದ ನಡುವೆ ತುತ್ತು ಕೈಯಲ್ಲಿ ಹಿಡಿದು, ಆ ಮಳೆಯ ಅಂಗಿಯ ಶಬ್ದ ಏನದು ಎಂದು ಕೇಳುವರು. ಇವರು ಸ್ವರ ಏರಿಸುವುದಿಲ್ಲ, ಗುದ್ದುತ್ತಾರೆ ಎಂದು ತಕರಾರು ತೆಗೆಯುವರು. ಗುದ್ದಿನಲ್ಲೂ ಒಂದು ನಿಯಮ ಇದೆ ಎಂದು ತಾವೇ ಒಪ್ಪುವರು. ಬತ್ತಿ, ಹುಣಸೆ, ಅಕ್ಕ ಕಂಡುಕೊಂಡ ಸಂಗತಿ ಇವು ಯಾವುವೂ ಪಡಸಾಲೆಯ ಮಾತಿನಲ್ಲಿ ಬರಲಿಲ್ಲ. ಅಪ್ಪ ಬೇಕಂತಲೇ ಮುಚ್ಚಿಟ್ಟನೆಂದು ನಾನು ಹೇಳುವುದಿಲ್ಲ. ಆ ಸಂತೋಷದಲ್ಲಿ ಮರೆತಿರಬೇಕು. ಒಂದು ದಿನ ಊಟ ಮುಗಿಸಿ ಕೈ ತೊಳೆಯುತ್ತ ಅಜ್ಜ, "ಸ್ವರ ಇದ್ದ ಭಾಷಾ ಹಿತ್ತಲದಾಗ ಯಾಕ ಇಟ್ಟೀಯೋ? ನಾಳಿಂದ ಪಡಸಾಲ್ಯಾಗ ಹೇಳಿಕೊಡು. ನಾನೂ ಕೇಳ್ತೇನಿ," ಎಂದರು. ಅಪ್ಪ ಹಿತ್ತಲಕ್ಕೆ ಬಂದು ಮಣೆ ಎತ್ತಿಕೊಂಡ. ಅವ್ವ ಮರುದಿನ ಗೋಧಿ ಹುಗ್ಗಿ ಮಾಡಿದಳು. ಅಕ್ಕ ಟ್ರಂಕು ತೆಗೆದು ಧಾರವಾಡದ ಪರಕಾರ ಉಟ್ಟಳು. ಅದಕ್ಕಿಂತ ದೊಡ್ಡ ದಿನ ಇನ್ನಾವುದಿದೆ ಎಂದು ಅವಳಿಗೆ ಅನ್ನಿಸಿರಬೇಕು. ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋಗಿ ನಡುಮನೆಯ ಬಾಗಿಲಲ್ಲಿ ಕೂತಳು, ಪಡಸಾಲೆಗೆ ಮುಖ ಮಾಡಿ.

ಅಣ್ಣ ಸ್ನಾನ ಮಾಡಿ ಮಡಿ ಉಟ್ಟು, ಆಚಮನ ಮಾಡಿ ಕೂತಿದ್ದ. ಇಂಗ್ಲಿಷಿಗೆ ಆಚಮನ! ಹಿತ್ತಲದಲ್ಲಿ ಎಮ್ಮೆಯ ಬಾಲದ ಗಾಳಿ ತಿನ್ನುತ್ತ ಕಲಿತದ್ದಕ್ಕೆ ಈಗ ಆಚಮನ ಬಂದಿತ್ತು. ನನಗೆ ನಗು ಬಂತು, ಅಕ್ಕ ತೊಡೆ ಚಿವುಟಿದಳು. ಅಜ್ಜ ಅಣ್ಣನ ತಲೆ ಹಿಡಿದಿದ್ದರು, ವೇದಕ್ಕೆ ಹಿಡಿಯುವ ಹಾಗೆಯೇ. ಅಪ್ಪ ಶಬ್ದ ಹೇಳುವುದು, ಅಣ್ಣ ಕೈ ಎತ್ತಿ ಇಳಿಸಿ ಅದನ್ನು ಹೇಳುವುದು. ಟೀಪಾಟ್ ಬಂತು, ರೇನ್‌ಕೋಟ್ ಬಂತು. ಗ್ರ್ಯಾಂಡ್‌ಫಾದರ್‌ಗೆ ಅಣ್ಣ ಎಡವಿದ. ಕೈ ಫಾ ಅನ್ನುವಲ್ಲಿ ಎದ್ದಿತು. ಇನ್ನೊಮ್ಮೆ ಹೇಳಿದ, ಮತ್ತೆ ತಪ್ಪಿದ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಅಕ್ಕನ ಬಲಗೈ ತಾನಾಗಿ ಮೇಲೆದ್ದಿತು, ಇಳಿಯಿತು, ಶಬ್ದ ಅವಳ ಬಾಯಿಂದ ಸ್ಪಷ್ಟವಾಗಿ ಹೊರಟಿತು. ಅಜ್ಜ ತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಂದು ನನಗೆ ಬರೆಯುವುದು ಹಗುರವಾಗುತ್ತಿತ್ತು.

"ಸುಭದ್ರಾ, ತಂಗೀನ್ನ ಕರಕೊಂಡು ಒಳಗ ಹೋಗವಾ. ಸ್ವರದ ಪಾಠ ಹೆಣ್ಣುಮಕ್ಕಳು ಕೇಳೂ ಪದ್ಧತಿ ಇಲ್ಲ."

"ಅಪ್ಪಾ, ಇದು ವೇದ ಅಲ್ಲಲ್ರೀ," ಅಂದ ಅಪ್ಪ. "ಇಂಗ್ಲಿಷು."

"ನಿನ್ನಿ ತನಕ ಇಂಗ್ಲಿಷು. ಸ್ವರ ಅದ ಅಂತ ನೀನ ತೋರಿಸಿದಿ. ಸ್ವರ ಇದ್ದ ಮ್ಯಾಲೆ ಅದಕ್ಕ ಸ್ನಾನ ಬೇಕು, ಮಡಿ ಬೇಕು, ಅಧಿಕಾರ ಬೇಕು. ಸ್ವರ ತಪ್ಪಿ ಯಜ್ಞಾನ ಕೆಟ್ಟ ಕಥಿ ನಿನಗ ನಾನ ಹೇಳೇನಿ." ಆಮೇಲೆ ಅಜ್ಜ ಇನ್ನೂ ಮೆತ್ತಗೆ ಹೇಳಿದರು. "ಇಲ್ಲ, ಇದು ಬರೇ ಹೊಟ್ಟಿಪಾಡಿನ ಮಾತು, ಸ್ವರ ಗಿರ ಏನಿಲ್ಲ ಅಂತಿ ಏನು? ಅನ್ನು. ಹಿತ್ತಲಕ್ಕ ಒಯ್ಯಿ. ಆಕೀನೂ ಕೂಡ್ಲಿ, ಎಮ್ಮೀನೂ ಕೇಳ್ಲಿ. ನನ್ನದೇನು ತಕರಾರಿಲ್ಲ."

ಅಜ್ಜ ವ್ಯಂಗ್ಯ ಮಾಡಲಿಲ್ಲ. ಅವರಿಗೆ ಅದು ನೇರವಾದ ಪ್ರಶ್ನೆ, ಪಂಡಿತರು ಪಂಡಿತರಿಗೆ ಕೇಳುವಂಥದು. ಅಪ್ಪ ಒಂದೇ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಇಲ್ಲ, ಸ್ವರ ಇಲ್ಲ, ನನ್ನದೇ ತಪ್ಪು ತಿಳಿವಳಿಕೆ ಅಂದು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಮಣೆ ಹೊತ್ತುಕೊಂಡು ಹಿಂದಕ್ಕೆ ಬಂದಿದ್ದರೆ ಮತ್ತೆ ಎಲ್ಲ ಇದ್ದಂತೆ ಇರುತ್ತಿತ್ತು. ಅಕ್ಕ ಅಪ್ಪನನ್ನು ನೋಡುತ್ತಿದ್ದಳು. ಅಪ್ಪ ಪುಸ್ತಕ ನೋಡುತ್ತಿದ್ದ. ಬದುಕಿನಲ್ಲಿ ಮೊದಲ ಸಲ ಅಜ್ಜ ಅವನ ವಿದ್ಯೆಯನ್ನು ವಿದ್ಯೆ ಎಂದು ಒಪ್ಪಿದ್ದರು. ಅದನ್ನು ತಾನೇ ಬಾಯಿಂದ ಅಲ್ಲಗಳೆಯುವುದು ಅವನಿಂದ ಆಗಲಿಲ್ಲ. ಅತ್ತ ದರಿ ಇತ್ತ ಪುಲಿ ಎಂದು ಅವನ ಪರವಾಗಿ ನಾನೇ ಎಷ್ಟೋ ಸಲ ವಾದ ಹೂಡಿದ್ದೇನೆ. ವಾದ ಗೆಲ್ಲುತ್ತದೆ, ಮನಸ್ಸು ಒಪ್ಪುವುದಿಲ್ಲ. ಅಕ್ಕ ಎದ್ದು, ಪರಕಾರ ಝಾಡಿಸಿ, ನನ್ನ ಕೈ ಹಿಡಿದು ಒಳಗೆ ಬಂದಳು. ಹಿಂದೆ ಅಣ್ಣನ ಪಾಠ ಮುಂದುವರಿಯಿತು.

ಅಪ್ಪ ಬೇರೆಯಾಗಿ ಹೇಳಿಕೊಡುತ್ತೇನೆ ಎಂದ. ಒಂದೆರಡು ಸಂಜೆ ಹೇಳಿಕೊಟ್ಟ ಕೂಡ, ಆದರೆ ಕಳ್ಳತನದಲ್ಲಿ ಹೇಳುವವನ ಹಾಗೆ ಬಾಗಿಲ ಕಡೆ ನೋಡುತ್ತ. ಅಜ್ಜ ಈಗ ಅವನನ್ನು ಊಟಕ್ಕೆ ಪಕ್ಕದಲ್ಲೇ ಕೂಡಿಸಿಕೊಳ್ಳುತ್ತಿದ್ದರು, ಶಾಲೆಯ ಸುದ್ದಿ ಕೇಳುತ್ತಿದ್ದರು. ಅಂಥವರಿಗೆ ಮೋಸ ಮಾಡುತ್ತಿದ್ದೇನೆ ಎನ್ನುವ ಅಳುಕು ಅವನಿಗೆ. ಅಕ್ಕನೇ ಒಂದು ದಿನ, ಬತ್ತಿ ಇನ್ನೂ ಬಹಳ ಹೊಸೆಯೋದಿದೆ ಎಂದು ಎದ್ದು ಹೋದಳು. ಅಷ್ಟಕ್ಕೇ ನಿಂತಿತು. ನಮ್ಮ ಹಿಂಬಾಗಿಲಿಗೆ ವೀಳ್ಯದೆಲೆ ಕೊಡಲು ಖಾತೂನ್‌ಬಿ ಬರುತ್ತಿದ್ದಳು, ಓಣಿಯಾಚೆಯ ಎಲೆ ವ್ಯಾಪಾರದವರ ಮನೆಯವಳು. ಹಿತ್ತಲದಲ್ಲಿ ಇಂಗ್ಲಿಷು ಕೇಳಿ ನಗುತ್ತಿದ್ದವಳು ಈಗ ಜಗಲಿ ಖಾಲಿ ಇದ್ದದ್ದು ನೋಡಿ ಕೇಳಿದಳು.

"ಯಾಕ್ರಿ ಅವ್ವಾರ, ಸುಭದ್ರಮ್ಮ ಈಗ ಓದೂದ ಇಲ್ಲ?"

ಅವ್ವ ನಡೆದದ್ದನ್ನು ಹೇಳಿದಳು. ಖಾತೂನ್‌ಬಿ ಎಲೆಯ ಬುಟ್ಟಿ ಕೆಳಗಿಟ್ಟಳು.

"ನಮ್ಮ ಹುಡುಗೀಗೆ ಉಸ್ತಾದರು ಕುರಾನ್ ಓದಸಾಕತ್ತಾರ್ರಿ. ದನಿ ತಪ್ಪಿದ್ರ ಬೈತಾರ. ಹುಡುಗಿ ಅಂತ ಎಬ್ಬಿಸಿ ಕಳಸೂದಿಲ್ಲ. ದೇವರ ಮಾತಿಗೇ ಹಂಗ ಇಲ್ಲ, ಇದು ಇಂಗ್ರೇಜಿ ಐತಿ!"

"ನಮ್ಮಲ್ಲೆ ಹಂಗ ನಡಿಯೂದಿಲ್ಲ ಖಾತೂನ್‌ಬಿ," ಎಂದಳು ಅವ್ವ. ಹಾಗೆಂದು ಎಲೆ ಆರಿಸುತ್ತ ಕೂತಳು, ಕಣ್ಣು ಒರೆಸಿಕೊಳ್ಳದೆ. ಎಲೆಯ ಮೇಲೆ ನೀರು ಬಿದ್ದದ್ದು ನಾನು ನೋಡಿದೆ.

ಜೂನು ಬಂತು, ಮಳೆ ಬಂತು, ಧಾರವಾಡದ ಮಾತು ಯಾರೂ ತೆಗೆಯಲಿಲ್ಲ. ಮುಂದೆ ಹಿರೇಕೆರೂರಿನಿಂದ ಕನ್ಯೆ ನೋಡಲು ಬಂದರು. ಒಳ್ಳೆಯ ಜನ, ಈಗಲೂ ಹೇಳುತ್ತೇನೆ, ನನ್ನ ಭಾವ ದೇವರಂಥ ಮನುಷ್ಯ. ಹುಡುಗನ ಸೋದರಮಾವ, ಓದಲು ಬರೆಯಲು ಬರುತ್ತದೆಯೇ ಎಂದು ಕೇಳಿದರು. ಅಕ್ಕ ತಲೆ ಎತ್ತದೆ, "ಕನ್ನಡ ಬರತದ್ರಿ," ಎಂದಳು. ಪಡಸಾಲೆಯ ಕಂಬಕ್ಕೆ ಒರಗಿದ್ದ ಅಪ್ಪ ನೆಲ ನೋಡಿದ. ಅಕ್ಕನ ಮದುವೆಯಾದ ಮೇಲೆ ಆ ಪರಕಾರ ನನಗೆ ಬಂತು. ಉದ್ದವಾಗುತ್ತಿತ್ತು, ಅವ್ವ ಮಡಚಿ ಹೊಲಿದು ಕೊಟ್ಟಳು.

ಪಡಸಾಲೆಯ ಇಂಗ್ಲಿಷು ಏನಾಯಿತು ಎಂದರೆ, ಏನೂ ಆಗಲಿಲ್ಲ. ಅಣ್ಣನಿಗೆ ಮಡಿ ಹತ್ತಿತು, ಇಂಗ್ಲಿಷು ಹತ್ತಲಿಲ್ಲ, ಸ್ವಲ್ಪ ದಿನಕ್ಕೆ ಮಡಿಯೂ ಬಿಟ್ಟಿತು. ಹಾನಗಲ್ಲಿನಲ್ಲಿ ನಮ್ಮ ಸೋದರಮಾವನದು ಭತ್ತದ ದಲಾಲಿ ಇತ್ತು, ಅಲ್ಲಿಗೆ ಹೋಗಿ ಸುಖವಾಗಿದ್ದ. ಅಜ್ಜನ ಕಣ್ಣು ಮಂಜಾಗುತ್ತ ಬಂತು. ಪಾಠಕ್ಕೆ ಬರುವ ಹುಡುಗರು ಇಲ್ಲವಾದರು. ಮಧ್ಯಾಹ್ನ ಅಪ್ಪ ಶಾಲೆಯಲ್ಲಿದ್ದಾಗ ಅಜ್ಜ ಒಬ್ಬರೇ ಕೂತು, ನೆನಪಿದ್ದ ಇಂಗ್ಲಿಷ್ ಸಮಾಸಗಳನ್ನು ಕೈ ಎತ್ತಿ ಇಳಿಸಿ ಹೇಳಿಕೊಳ್ಳುವರು, ನಡುವೆ ಮರೆತು, ಮುಂದಿನದೇನು ಎಂದು ಯಾರನ್ನೋ ಕೇಳುವರು. ಉತ್ತರ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಆಗ ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಳು. ಹೆಣ್ಣುಕೂಸು. ಕೂಸಿಗೆ ಸ್ವಲ್ಪ ತಿಂಗಳಾದ ಮೇಲೆ ಒಂದು ಇಳಿಹೊತ್ತು ಅವಳು ಅದೇ ಹಿತ್ತಲ ಜಗಲಿಯ ಮೇಲೆ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಕೂಸು ಮಲಗಲೊಲ್ಲದು. ಜೋಗುಳ ಮುಗಿದವು, ದೇವರ ನಾಮ ಮುಗಿದವು. ಪಡಸಾಲೆಯಲ್ಲಿ ಅಜ್ಜ ಕೂತಿದ್ದರು, ನಾನು ಅವರಿಗೆ ಅಡಿಕೆ ಕುಟ್ಟಿಕೊಡುತ್ತಿದ್ದೆ. ನಡುವಿನ ಬಾಗಿಲುಗಳೆಲ್ಲ ತೆರೆದಿದ್ದವು. ಇದ್ದಕ್ಕಿದ್ದಂತೆ ಹಿತ್ತಲದಿಂದ ಟೀಪಾಟ್ ಎಂದು ಕೇಳಿಸಿತು. ಆಮೇಲೆ ರೇನ್‌ಕೋಟ್. ಬ್ಲ್ಯಾಕ್‌ಬೋರ್ಡ್. ಗ್ರ್ಯಾಂಡ್‌ಫಾದರ್. ಪ್ರತಿಯೊಂದಕ್ಕೂ ಕೂಸಿನ ಬೆನ್ನಿನ ಮೇಲೆ ಮೊದಲು ಒಂದು ಗಟ್ಟಿ ತಟ್ಟು, ಆಮೇಲೆ ಹಗುರ ತಟ್ಟು. ಅಜ್ಜ ನೆಟ್ಟಗೆ ಕೂತರು.

"ಅದ್ಯಾರದು?"

"ಅಕ್ಕ, ಅಜ್ಜಾ."

ಅಜ್ಜ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ಅವರ ಕೈ ತೊಡೆಯ ಮೇಲೆ ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು.

"ಎಷ್ಟು ಶುದ್ಧ ಅದ ನೋಡು. ಪ್ರಲ್ಹಾದಗ ಒಂದು ದಿನಾ ಹಿಂಗ ಬರಲಿಲ್ಲ. ಕರಿ ಆಕೀನ್ನ. ಪಡಸಾಲಿಗೆ ಬಾ ಅನ್ನು. ನನ್ನ ಎದರಿಗೆ ಕೂತು ಹೇಳ್ಲಿ."

ನಾನು ಓಡಿದೆ. ನನಗೆ ಆದ ಸಂತೋಷ ಹೇಳಲಾರೆ. ಮುರಿದದ್ದು ಕೂಡಿತು ಎಂದುಕೊಂಡೆ. ಅಕ್ಕ ತಟ್ಟುವುದನ್ನು ನಿಲ್ಲಿಸದೆ ನನ್ನ ಮಾತು ಪೂರ್ತಿ ಕೇಳಿದಳು.

"ಪಡಸಾಲ್ಯಾಗ ನನಗೇನು ಕೆಲಸ? ಅಜ್ಜಗ ಕೇಳಬೇಕಾಗಿದ್ರ ಹಿತ್ತಲಕ್ಕ ಬರ್ಲಿ ಅನ್ನು."

ಇದ್ದದ್ದನ್ನು ಇದ್ದಂತೆ ಹೋಗಿ ಹೇಳಿದೆ. ಅಜ್ಜ ಸಿಡುಕಿಯಾರು ಎಂದುಕೊಂಡಿದ್ದೆ. ಅವರು ಸುಮ್ಮನೆ ಎದ್ದರು. ಕಂಬ ಹಿಡಿದು, ಗೋಡೆ ಹಿಡಿದು, ನಡುಮನೆ ದಾಟಿ, ಅಡಿಗೆಮನೆ ದಾಟಿ ಹಿಂಬಾಗಿಲಿಗೆ ಬಂದರು. ಅಷ್ಟರಲ್ಲಿ ಅಪ್ಪ ಶಾಲೆಯಿಂದ ಬಂದವನು, ಅಜ್ಜ ಆ ದಿಕ್ಕಿಗೆ ನಡೆಯುವುದನ್ನು ಕಂಡು ಕೊಡೆ ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಬಂದ. ಬಾಗಿಲಿಗೆ ಅಡ್ಡವಾಗಿ ಹಗ್ಗದ ಮೇಲೆ ಕೂಸಿನ ಒದ್ದೆ ಬಟ್ಟೆಗಳು. ಬಾಣಂತಿಯ ಅಜವಾನದ ಹೊಗೆ. ದಾಟಬೇಕೆಂದರೆ ಆ ಬಟ್ಟೆ ಮುಟ್ಟಿ ಸರಿಸಬೇಕು. ಅಜ್ಜ ಮಡಿಯಲ್ಲಿದ್ದರು. ಒಂದು ಕೈ ಚೌಕಟ್ಟಿನ ಮೇಲೆ ಇಟ್ಟು ನಿಂತರು. ಅಕ್ಕ ಅವರನ್ನು ನೋಡಿದಳು. ತಟ್ಟುವ ಕೈ ನಿಂತಿತು. ಅವಳ ಮುಖದಲ್ಲಿ ನಾನು ಹಿಂದೆ ಒಮ್ಮೆ ನಡುಮನೆಯ ಬಾಗಿಲಲ್ಲಿ, ಅವಳು ಅಪ್ಪನನ್ನು ನೋಡುವಾಗ ಕಂಡ ಅದೇ ನೋಟ ಬಂತು.

"ದಾಟ್ರಿ ಅಪ್ಪಾ," ಅಂದ ಅಪ್ಪ. "ಒಂದು ಹೆಜ್ಜಿ. ದಾಟ್ರಿ."

ಅಜ್ಜ ಒಂದು ಕಾಲು ಹೊಸ್ತಿಲದ ಮೇಲೆ ಇಟ್ಟರು. ಕೈ ಬಟ್ಟೆಯ ತನಕ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂತು.

"ಸಂಧ್ಯಾವಂದನಿ ಹೊತ್ತಾತಲ್ಲೋ," ಅಂದರು, ಯಾರಿಗೋ ಅಂದಂತೆ. ತಿರುಗಿ ಗೋಡೆ ಹಿಡಿದು ನಡೆದರು. ಅವರು ಹೋದ ಮೇಲೂ ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು; ಕೂಸು ಅಳತೊಡಗಿದ ಮೇಲೆ ಬಗ್ಗಿ ಎತ್ತಿಕೊಂಡಳು. ಅಜ್ಜ ಕೆಟ್ಟವರಲ್ಲ. ಆ ಬಟ್ಟೆ ಸರಿಸಿದ್ದರೆ ಅವರ ಸ್ನಾನ ಒಂದು ಹೆಚ್ಚಾಗುತ್ತಿತ್ತು, ಅಷ್ಟೇ. ಮುಂದಿನ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಅಕ್ಕ ಮತ್ತೆ ಆ ಶಬ್ದಗಳನ್ನು ಹೇಳಿದ್ದು ನಾನು ಕೇಳಲಿಲ್ಲ. ಧಾರವಾಡದ ಶಾಲೆಗೆ ಹೋದವಳು ನಾನು, ಮಾವಶಿಯ ಮನೆಯಲ್ಲಿ ಇದ್ದವಳು ನಾನು, ಬದುಕೆಲ್ಲ ಹುಡುಗಿಯರಿಗೆ ಇಂಗ್ಲಿಷು ಹೇಳಿಕೊಟ್ಟು ಪೆನ್ಶನ್ ತಿನ್ನುತ್ತಿರುವವಳು ನಾನು. ಕ್ಲಾಸಿನಲ್ಲಿ ಶಬ್ದ ಹೇಳುವಾಗ ನನ್ನ ಕೈ ಮೇಲೇಳುತ್ತಿತ್ತು, ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಆ ಕೈ ನನ್ನದಲ್ಲ.

ಅಜ್ಜ ತಿರುಗಿ ಹೋದ ಮರುದಿನ ಸಂಜೆ ಅಪ್ಪ ಪಡಸಾಲೆಯಿಂದ ಮಣೆಯನ್ನೂ ನಿಘಂಟನ್ನೂ ತಂದು ಹಿತ್ತಲ ಜಗಲಿಯ ಮೇಲೆ ಇಟ್ಟ. ಅಜ್ಜನನ್ನು ಕೇಳಲಿಲ್ಲ, ಅಜ್ಜನೂ ತಡೆಯಲಿಲ್ಲ. "ಇಂದೂ, ಬಾ" ಎಂದು ನನ್ನನ್ನು ಕರೆದ. ಮೊದಲ ಶಬ್ದಕ್ಕೇ ನಾನು ಕೈ ಎತ್ತುವಲ್ಲಿ ತಪ್ಪಿದೆ. ಪಕ್ಕದಲ್ಲಿ ಕೂಸಿಗೆ ಹಾಲುಣಿಸುತ್ತಿದ್ದ ಅಕ್ಕ, ಪುಸ್ತಕದ ಕಡೆ ನೋಡದೆ, ನನ್ನ ಮಣಿಕಟ್ಟು ಹಿಡಿದು ಎಲ್ಲಿ ಎತ್ತಬೇಕೋ ಅಲ್ಲಿ ಎತ್ತಿದಳು. ಅಪ್ಪ ನಿಘಂಟನ್ನು ಕೆಳಗಿಟ್ಟ.

"ಸುಭದ್ರಾ," ಅಂದ. "ನೀನೂ ಕೂಡವಾ. ಇನ್ನೂ ಹೊತ್ತೇನು ಮೀರಿಲ್ಲ."

"ನನಗ ಬ್ಯಾಡಪ್ಪಾ," ಅಂದಳು ಅಕ್ಕ, ಕೂಸಿನ ಮುಖದ ಮೇಲೆ ಸೆರಗು ಎಳೆಯುತ್ತ. "ಆಕಿಗೆ ಕಲಸು. ಆಕೀನ್ನ ಪಡಸಾಲಿಗೆ ಮಾತ್ರ ಒಯ್ಯಬ್ಯಾಡ."

ಅಪ್ಪ ನನ್ನನ್ನು ಒಯ್ಯಲಿಲ್ಲ.